ಬೆನ್ನಿನಲ್ಲಿ ಕೈಗೆಟುಕದ ಜಾಗ

ಎರಡು ಹೆಗಲೆಲುಬುಗಳ ನಡುವೆ, ಬೆನ್ನುಮೂಳೆಯಿಂದ ಎಡಕ್ಕೆ ಒಂದೂವರೆ ಬೆರಳು ಸರಿದರೆ ಒಂದು ಜಾಗವಿದೆ. ಹೆಗಲ ಮೇಲಿನಿಂದ ಕೈ ಹಾಕಿದರೆ ನಾಲ್ಕು ಬೆರಳು ಕಡಿಮೆ ಬೀಳುತ್ತದೆ. ಸೊಂಟದ ಕಡೆಯಿಂದ ತಿರುಚಿ ಹಾಕಿದರೂ ಅಷ್ಟೇ. ಅಲ್ಲಿರುವ ಸ್ನಾಯುಗಳ ಹೆಸರು, ಅವು ಎಲ್ಲಿ ಹುಟ್ಟುತ್ತವೆ, ಎಲ್ಲಿ ಹೋಗಿ ಸೇರುತ್ತವೆ, ಯಾವ ನರ ಅವುಗಳನ್ನು ಆಡಿಸುತ್ತದೆ, ಎಲ್ಲ ನನಗೆ ಬಾಯಿಪಾಠ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನರ್ಸಿಂಗ್ ಓದುವ ಹುಡುಗಿಯರಿಗೆ ಶರೀರರಚನೆ ಮತ್ತು ಶರೀರಕ್ರಿಯೆಯ ಪಾಠ ಮಾಡುತ್ತಿದ್ದೇನೆ. ಆದರೆ ಆ ಜಾಗ ನೋಯಲು ಶುರುವಾದರೆ ಮುಲಾಮು ಹಚ್ಚುವುದಕ್ಕೆ ಇನ್ನೊಬ್ಬರ ಕೈ ಬೇಕು. ಆ ಇನ್ನೊಬ್ಬರು ನನ್ನ ಮನೆಯಲ್ಲಿಲ್ಲ.

ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ಎಮ್ಮೆಯ ಹಾಗೆ ಉಜ್ಜಿದ್ದೇನೆ. ಲಟ್ಟಣಿಗೆಗೆ ಬಟ್ಟೆ ಸುತ್ತಿ, ಅದಕ್ಕೆ ಮುಲಾಮು ಸವರಿ ಹಿಂದಕ್ಕೆ ಹಾಕಿದ್ದೇನೆ. ಕುಪ್ಪಸಕ್ಕೆಲ್ಲ ಮೆತ್ತಿಕೊಂಡಿತೇ ಹೊರತು ನೋಯುವ ಜಾಗಕ್ಕೆ ಒಂದು ಚೂರೂ ತಗುಲಲಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆಂದು ಒಂದಕ್ಕಿಂತ ಒಂದು ಖಾರವಾದ ಉತ್ತರಗಳನ್ನು ಇಟ್ಟುಕೊಂಡಿದ್ದೇನೆ. ಆದರೆ ಬೆನ್ನಿಗೆ ಯಾರು ಹಚ್ಚುತ್ತಾರೆ ಎಂದು ಕೇಳಿದವರು ಈವರೆಗೆ ಒಬ್ಬರೇ. ಅವರ ವಿಷಯ ಬರೆಯಬೇಕು ಅಂತ ಕೂತಿದ್ದೇನೆ, ಸಿಂದಗಿಯ ಈ ಕೋಣೆಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು.

ನನ್ನ ಊರು ಇಂಡಿ ತಾಲ್ಲೂಕಿನಲ್ಲಿ, ಹಲಸಂಗಿ ದಾಟಿ ಹೋಗಬೇಕು. ಅಲ್ಲಿ ಅಣ್ಣನ ಸಂಸಾರವಿದೆ, ನಿಂಬೆ ತೋಟವಿದೆ. ಹೋದಾಗೊಮ್ಮೆ ಒಂದು ಚೀಲ ನಿಂಬೆಹಣ್ಣು ಕೊಟ್ಟು ಬಸ್ಸು ಹತ್ತಿಸುತ್ತಾರೆ. ಮತ್ತೆ ಯಾವಾಗ ಬರ್ತೀ ಎಂದು ಕೇಳುವುದಿಲ್ಲ. ಒಬ್ಬಳೇ ಇರುವವಳು ಅಷ್ಟೊಂದು ಹಣ್ಣು ಏನು ಮಾಡಲಿ? ಒಣಗಿಸುತ್ತೇನೆ, ಉಪ್ಪಿನಕಾಯಿ ಹಾಕುತ್ತೇನೆ, ಮಿಕ್ಕಿದ್ದನ್ನು ಹಂಚುತ್ತೇನೆ. ಮೊದಲು ಬಸವನ ಬಾಗೇವಾಡಿಯಲ್ಲಿ ಕೆಲಸ ಮಾಡಿದೆ, ಆಮೇಲೆ ಮುದ್ದೇಬಿಹಾಳದಲ್ಲಿ. ಈ ಮಾತು ಮುದ್ದೇಬಿಹಾಳದ್ದು.

ಅಲ್ಲಿ ನಾನಿದ್ದ ಕೋಣೆಯ ಯಜಮಾನತಿ ರೊಟ್ಟಿ ಬಡಿದು ಮಾರುತ್ತಿದ್ದರು. ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಅವರ ಕಡಕ್ ರೊಟ್ಟಿಯೇ ಹೋಗಬೇಕು. ಗಂಡ ತೀರಿ ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ. ತಾಳಿಕೋಟೆಯಲ್ಲಿ ಒಬ್ಬ ತಂಗಿ ಇದ್ದಳು, ಅಷ್ಟೇ. ನಾನು ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ನಮ್ಮಿಬ್ಬರ ಬಾಗಿಲುಗಳೂ ಒಂದೇ ಅಂಗಳಕ್ಕೆ ತೆರೆಯುತ್ತಿದ್ದವು. ಬೆಳಗ್ಗೆ ನಾನು ಏಳುವ ಮೊದಲೇ ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

ಒಂದು ಸಂಜೆ ನಾನು ಲಟ್ಟಣಿಗೆಯ ಜೊತೆ ಹೋರಾಡುತ್ತಿದ್ದಾಗ ಕಾಕು ಬಾಗಿಲು ಸರಿಸಿ ಒಳಗೆ ಬಂದರು. ನನ್ನ ಅವಸ್ಥೆ ನೋಡಿ ಸೆರಗು ಬಾಯಿಗಿಟ್ಟುಕೊಂಡರು.

“ಏನ್ ನಡಸೀರಿ ಅಕ್ಕೋರ? ಬೆನ್ನ ಲಟ್ಟಸಾಕತ್ತೀರೇನು?”

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಾನು ಮೊದಲೇ ಸಿಡುಕಿ. “ನಗಬ್ಯಾಡ್ರಿ ಕಾಕು, ಬೆನ್ನ ಹಿಡಕೊಂಡೈತಿ” ಎಂದು ರೇಗಿದೆ.

“ಅಯ್ಯ, ಮಗ್ಗಲಾಗ ನಾ ಇದ್ದೇನಲ್ಲ. ಕೈಗೂ ಬಾಡಿಗಿ ತಗೋತೇನಂತ ತಿಳದೀರೇನು? ತಿರಗ್ರಿ ಅತ್ಲಾಗ.”

ಮುಲಾಮನ್ನು ಬೆರಳಲ್ಲಿ ತೆಗೆದು ಅಂಗೈಗೆ ಹಾಕಿಕೊಂಡರು. ರೊಟ್ಟಿ ಬಡಿಯುವವರ ಅಂಗೈ ಅಂದರೆ ಏನೆಂದು ನನಗೆ ಅವತ್ತು ತಿಳಿಯಿತು. ಅಗಲವಾಗಿ, ಗಟ್ಟಿಯಾಗಿ, ಬೆಚ್ಚಗಿತ್ತು. ಎಲ್ಲಿ ಎಂದು ನಾನು ಹೇಳಬೇಕಾಗಲಿಲ್ಲ. ನೇರವಾಗಿ ಆ ಜಾಗಕ್ಕೇ ಹೋಗಿ ಕೂತಿತು. ಎಷ್ಟು ವರ್ಷವಾಗಿತ್ತೋ ನನ್ನ ಬೆನ್ನನ್ನು ಇನ್ನೊಬ್ಬರು ಮುಟ್ಟಿ. ಕಣ್ಣಲ್ಲಿ ನೀರು ಬಂತು. ಮುಲಾಮಿನ ಘಾಟು ಎಂದೆ. ಅವರೂ ಹೌದು, ಬಾಳ ಘಾಟ ಐತಿ ಎಂದರು.

ಅಂದಿನಿಂದ ದಿನಾ ಸಂಜೆ ಬರತೊಡಗಿದರು. ಮುಲಾಮು ಹಚ್ಚುವುದು, ಒಂದು ಕಪ್ ಚಹಾ ಕುಡಿಯುವುದು, ಊರ ಸುದ್ದಿ ಹೇಳುವುದು. ಆರು ತಿಂಗಳಲ್ಲಿ ಅಕ್ಕೋರ ಹೋಗಿ ಯವ್ವಾ ಆಯಿತು, ರೀ ಹೋಗಿ ನೀ ಆಯಿತು. ಹೃದಯದ ಬಡಿತದ ಪಾಠ ಬಂದಾಗ ನಾನು ಹುಡುಗಿಯರಿಗೆ ಅವರ ರೊಟ್ಟಿಯ ಸದ್ದನ್ನೇ ಹೇಳುತ್ತಿದ್ದೆ. ಒಂದು ಗಟ್ಟಿ ಪೆಟ್ಟು, ಬೆನ್ನಿಗೇ ಒಂದು ಸಣ್ಣ ಪೆಟ್ಟು, ಆಮೇಲೆ ತಿರುಗಿಸುವಷ್ಟು ಹೊತ್ತು ಸುಮ್ಮನೆ. ಆ ಸುಮ್ಮನಿರುವ ಹೊತ್ತಿನಲ್ಲೇ ಹೃದಯ ತುಂಬಿಕೊಳ್ಳುತ್ತದೆ ಕಣ್ರೇ ಎಂದು. ರೊಟ್ಟಿ ಬಡಿಯದ ಹುಡುಗಿ ನಮ್ಮ ಕಡೆ ಯಾರಿದ್ದಾಳೆ? ತಟ್ಟನೆ ತಿಳಿದುಕೊಳ್ಳುತ್ತಿದ್ದರು.

ಐದನೆಯ ವರ್ಷ ಆ ಸದ್ದು ಬದಲಾಯಿತು. ಒಂದು ರೊಟ್ಟಿಗೆ ಮೂರು ಸಲ ನಿಲ್ಲುತ್ತಿತ್ತು. ಸಂಜೆ ಅಂಗಳ ದಾಟಿ ಬಂದರೆ ಹೊಸ್ತಿಲ ಮೇಲೆ ಕೂತು ಉಸಿರು ಬಿಟ್ಟು ಆಮೇಲೆ ಮಾತು. ಒಂದು ದಿನ ಅವರ ಕಾಲು ನೋಡಿದೆ. ಚಪ್ಪಲಿಯ ಪಟ್ಟಿ ಪಾದಕ್ಕೆ ಕಚ್ಚಿಕೊಂಡಂತಿತ್ತು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ಬಿಟ್ಟೆ. ಗುಳಿ ಬಿತ್ತು. ಇಪ್ಪತ್ತು ಎಣಿಸಿದರೂ ತುಂಬಲಿಲ್ಲ. ಇದನ್ನು ನಾನು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಹೃದಯ ದಣಿದರೆ ರಕ್ತ ಹಿಂದೆ ನಿಲ್ಲುತ್ತದೆ, ನೀರು ಕಾಲಿಗಿಳಿಯುತ್ತದೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ.

“ಕಾಕು, ಇದು ಎದೀ ಜಡ್ಡ. ನಾಳೆ ದವಾಖಾನಿಗಿ ಹೋಗೂಣು ನಡೀರಿ.”

“ಕುಂತ ಕುಂತ ಬಾತಾವ ಯವ್ವಾ. ರೊಟ್ಟಿ ಬಡಿಯೋರ ಕಾಲ ಹಿಂಗ ಇರ್ತಾವು.”

“ಕಾಲ ಅಲ್ರಿ, ಎದಿ.”

“ನೀ ಸಾಲ್ಯಾಗ ಹೇಳೂದೆಲ್ಲಾ ನನ್ನ ಮ್ಯಾಲ ಹಾಕಬ್ಯಾಡ. ಎದಿ ಎದಿ ಅಂತ ಅಂಜಸಾಕತ್ತಿ ನನಗ.”

ದಿನಾ ಹೇಳಿದೆ. ಬೇಡಿಕೊಂಡೆ, ಬೈದೆ, ಒಂದು ವಾರ ಬೆನ್ನು ತೋರಿಸುವುದಿಲ್ಲ ಎಂದು ಮುನಿಸಿಕೊಂಡೂ ನೋಡಿದೆ. ಹೆಂಗಸು ಜಗ್ಗಲಿಲ್ಲ. ನನಗಂತೂ ಒಳಗೊಳಗೇ ಭಯ. ಈ ಭೂಮಿಯ ಮೇಲೆ ನಾನು ಉಂಡೆನೋ ಇಲ್ಲವೋ ಎಂದು ಕೇಳುವುದು ಅವರೊಬ್ಬರೇ. ಅವರಿಗೆ ಏನಾದರೂ ಆದರೆ?

ಅದೇ ಹೊತ್ತಿಗೆ ನನ್ನ ತರಗತಿಯ ನಾಲ್ಕು ಹುಡುಗಿಯರು ಶರೀರರಚನೆಯಲ್ಲಿ ಫೇಲಾದರು. ಮತ್ತೆ ಪರೀಕ್ಷೆ ಬರೆಯಲು ಹದಿನೈದು ದಿನ ಉಳಿದಿತ್ತು. ನಾಲ್ವರಲ್ಲಿ ಒಬ್ಬಳು ಮುಳವಾಡದ ಕಡೆಯ ಕುರಿಗಾರರ ಮನೆಯವಳು. ಅವಳು ಅಭ್ಯಾಸಕ್ಕೆಂದು ಬರೆದ ಚಿತ್ರ ನೋಡಿ ನನ್ನ ನೆತ್ತಿ ಬಿಸಿಯಾಯಿತು. ಮನುಷ್ಯನ ಹೊರರೇಖೆ ಬರೆದು, ಕುತ್ತಿಗೆಯ ಕೆಳಗೆ ಕರುಳು, ಅದರ ಕೆಳಗೆ ಯಕೃತ್ತು, ತಳದಲ್ಲಿ ಪುಪ್ಪುಸ ಮತ್ತು ಹೃದಯ! ಇಡೀ ಒಡಲೇ ತಲೆಕೆಳಗು.

“ಏನವ್ವಾ, ನಿಮ್ಮೂರಾಗ ಮಂದಿ ತಲಿ ಕೆಳಗ ಮಾಡಿ ಅಡ್ಡಾಡ್ತಾರೇನು?” ಎಂದು ಎಲ್ಲರೆದುರು ಕೇಳಿದೆ.

ಹುಡುಗಿ ಅಳಲಿಲ್ಲ. ನೆಲ ನೋಡುತ್ತ ಹೇಳಿದಳು. “ಇಲ್ರಿ ಮೇಡಮ್. ನಮ್ಮ ಮನ್ಯಾಗ ಕುರಿ ಕೊಯ್ದ ಮ್ಯಾಲ ಹಿಂಗಾಲ ಕಟ್ಟಿ ಗಿಡಕ್ಕ ತೂಗ ಹಾಕ್ತಾರ್ರಿ. ಸಣ್ಣಾಕಿ ಇದ್ದಾಗಿಂದ ಹಂಗ ನೋಡೇನ್ರಿ. ಕರಳ ಮ್ಯಾಲ, ಎದಿ ಕೆಳಗ. ಕಣ್ಣ ಮುಚ್ಚಿದ್ರ ಹಂಗ ಕಾಣತೈತ್ರಿ.”

ಹಾಳೆಯನ್ನು ತಿರುಗಿಸಿ ಹಿಡಿದೆ. ಅಬ್ಬಾ, ಎಲ್ಲ ಸರಿ! ಪಿತ್ತಕೋಶ ಯಕೃತ್ತಿನ ಯಾವ ಅಂಚಿಗೆ ಅಂಟಿಕೊಂಡಿದೆ, ದೊಡ್ಡ ಕರುಳು ಹೇಗೆ ಸುತ್ತು ಹಾಕಿದೆ, ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿ ಬರೆದಿದ್ದಳು. ದಡ್ಡಿ ಎಂದು ಒಂದು ವರ್ಷ ಬೈದಿದ್ದೆ. ನಾಚಿಕೆಯಾಯಿತು. ನಿಂತ ಮನುಷ್ಯನೂ ಬೇಡ, ತೂಗು ಹಾಕಿದ ಕುರಿಯೂ ಬೇಡ, ಮಲಗಿದ ಮನುಷ್ಯನನ್ನು ಬರೆದು ಅದರ ಮೇಲೆ ನಡೆಸಿದರೆ ಇವಳ ಕಾಲಿಗೇ ದಾರಿ ಗೊತ್ತಾಗುತ್ತದೆ ಎಂದುಕೊಂಡೆ.

ಭಾನುವಾರ ಸಾಲೆಗೆ ಬೀಗ. ನಾಲ್ವರನ್ನೂ ಮನೆಯ ಅಂಗಳಕ್ಕೇ ಕರೆದೆ. ಕಾಕು ಬೆಳಗ್ಗೆಯೇ ಬಾಗೇವಾಡಿಗೆ ಬಸವಣ್ಣನ ಗುಡಿಗೆ ಹೋಗಿದ್ದರು, ಅಮಾವಾಸ್ಯೆ ಇತ್ತು. ಹೋಗುವಾಗ ಹೇಳಿಯೂ ಹೋಗಿದ್ದರು. ಕ್ಯಾಲೆಂಡರಿನಲ್ಲಿ ರಜೆ ಮಾತ್ರ ನೋಡುವ ನನಗೆ ಅದು ತಲೆಯಲ್ಲಿ ಉಳಿಯಲಿಲ್ಲ.

ಒಬ್ಬ ಹುಡುಗಿಯನ್ನು ಸಾರಿಸಿದ ಅಂಗಳದಲ್ಲಿ ಅಂಗಾತ ಮಲಗಿಸಿ ಸುತ್ತಲೂ ರಂಗೋಲಿ ಪುಡಿಯಲ್ಲಿ ಗೆರೆ ಎಳೆದೆವು. ಅವಳು ಎದ್ದ ಮೇಲೆ ಒಳಗೆ ತುಂಬಿದೆವು. ಹೃದಯಕ್ಕೆ, ಅದರಿಂದ ಹೊರಡುವ ರಕ್ತನಾಳಗಳಿಗೆ ಕುಂಕುಮ, ಮರಳಿ ಬರುವುದಕ್ಕೆ ಬಟ್ಟೆಗೆ ಹಾಕುವ ನೀಲಿ, ನರಗಳಿಗೆ ಅರಿಷಿಣ. ಕರುಳಿಗೆ ಬಾವಿಯ ಹಗ್ಗ ಸುತ್ತಿ ಇಟ್ಟೆವು. ಯಕೃತ್ತಿಗೆ ಕುಂಬಳಕಾಯಿಯ ಹೋಳು, ಪಿತ್ತಕೋಶಕ್ಕೆ ಒಂದು ಹಸಿಮೆಣಸಿನಕಾಯಿ. ಮೂತ್ರಪಿಂಡಕ್ಕೆ ಏನು ಎಂದು ಹುಡುಕುವಾಗ ಅಣ್ಣ ಕೊಟ್ಟ ಚೀಲ ಕಣ್ಣಿಗೆ ಬಿತ್ತು. ಎರಡು ನಿಂಬೆಹಣ್ಣು.

ರಂಗೋಲಿ ತುಳಿಯಲು ಹುಡುಗಿಯರು ಹಿಂದೆಮುಂದೆ ನೋಡಿದರು. ಬೈದು ನಡೆಸಿದೆ. ಒಬ್ಬೊಬ್ಬರೂ ರಕ್ತದ ಹನಿಯಾಗಿ ಬಲಗಡೆಯ ಮೇಲಿನ ಕೋಣೆಯಿಂದ ಹೃದಯ ಹೊಕ್ಕು, ಕೆಳಗಿನ ಕೋಣೆಗಿಳಿದು, ಪುಪ್ಪುಸಕ್ಕೆ ಹೋಗಿ, ಎಡಗಡೆಗೆ ಬಂದು ಹೊರಬೀಳಬೇಕು. “ಸರೀ, ಹಾದಿ ಬಿಡ್ರಿ, ನಾ ಉಸರ ತಗೊಂಡ ಬಂದೇನಿ!” ಎಂದು ಕುರಿಗಾರರ ಹುಡುಗಿ ಕೂಗುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವಳು ಕಣ್ಣು ಮುಚ್ಚಿ ತಲೆಯಿಂದ ಪಾದದವರೆಗೆ ಸರಿಯಾಗಿ ನಡೆದಳು. ಆ ಅಂಗಳದಲ್ಲಿ ಅಷ್ಟು ನಗೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಹುಡುಗಿಯರು ಹೋದರು. ಕಸಬರಿಗೆ ಕೈಗೆತ್ತಿಕೊಂಡವಳು ಮತ್ತೆ ಇಟ್ಟೆ. ಬೆನ್ನು ನೋಯುತ್ತಿತ್ತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುತ್ತೇನೆ, ಗುಡಿಸಲು ಮನಸ್ಸಾಗಲಿಲ್ಲ. ಅಂಗಳದಲ್ಲಿ ಯಾರೋ ನಮ್ಮವರು ಮಲಗಿದಂತೆ ಕಾಣುತ್ತಿತ್ತು. ಹೊಸ್ತಿಲ ಮೇಲೆ ಕೂತು ಚಹಾ ಕುಡಿಯುತ್ತ ಅದನ್ನೇ ನೋಡುತ್ತಿದ್ದೆ.

ಹೊತ್ತು ಮುಳುಗುವ ಮುಂಚೆ ಕಾಕು ಬಂದರು. ಪ್ರಸಾದದ ಚೀಲ ಹಿಡಿದು, ಏದುಸಿರು ಬಿಡುತ್ತ ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಅಮಾವಾಸ್ಯೆಯ ಸಂಜೆ, ನೆಲದ ಮೇಲೆ ಮನುಷ್ಯನ ಆಕಾರ, ಕುಂಕುಮ, ಅರಿಷಿಣ, ನಿಂಬೆಹಣ್ಣು, ಮೆಣಸಿನಕಾಯಿ, ಕೊಯ್ದ ಕುಂಬಳಕಾಯಿ. ಅದರ ಪಕ್ಕದಲ್ಲಿ ಒಂಟಿ ಹೆಂಗಸು ಕೂತಿದ್ದಾಳೆ. ಮಾಟಕ್ಕೆ ನಮ್ಮ ಕಡೆ ಭಾನಾಮತಿ ಎನ್ನುತ್ತಾರೆ. ಅದಕ್ಕೆ ಇನ್ನೇನು ಬೇಕು? ಇದು ನನಗೆ ಈಗ ಹೊಳೆಯುತ್ತದೆ. ಆಗ ಹೊಳೆಯಲಿಲ್ಲ.

“ಯಾರ ಮ್ಯಾಲ ಮಾಡೀರಿ ಅಕ್ಕೋರ ಇದನ್ನ?”

ಪಾಠ ಮಾಡಿದ್ದು ಕಾಕು, ಎಂಬ ಮೂರು ಮಾತು ಸಾಕಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! ಐದು ವರ್ಷ ನನ್ನ ಬೆನ್ನು ತಿಕ್ಕಿದ ಹೆಂಗಸು ನನ್ನನ್ನು ಮಾಟಗಾತಿ ಅಂದಳಲ್ಲ ಎಂದು ಮೈ ಉರಿಯಿತು. ದವಾಖಾನೆಯ ಸಿಟ್ಟೂ ಅದಕ್ಕೆ ಸೇರಿತು.

“ನಿಮ್ಮ ಮ್ಯಾಲನ ಮಾಡೇನ್ರಿ. ಅಲ್ನೋಡ್ರಿ, ಅದ ನಿಮ್ಮ ಎದಿ. ಹೇಳಿದ್ರ ಕೇಳಾಂಗಿಲ್ಲ, ಮತ್ತೇನ ಮಾಡ್ಲಿ?”

ಕಾಕು ಕುಂಕುಮ ತುಂಬಿದ ಹೃದಯವನ್ನು ನೋಡಿದರು. ಕೈ ತಾನಾಗಿ ಎದೆಗೆ ಹೋಯಿತು. ಗೋಡೆ ಹಿಡಿದುಕೊಂಡು, ಆ ಆಕಾರದ ಮೇಲೆ ತಮ್ಮ ನೆರಳೂ ಬೀಳದ ಹಾಗೆ ಸುತ್ತು ಹಾಕಿ ತಮ್ಮ ಬಾಗಿಲಿಗೆ ಹೋಗಿ ಅಗಳಿ ಹಾಕಿಕೊಂಡರು.

ಆಮೇಲೆ ನಾನು ಓಡಿದೆ. ಬಾಗಿಲು ಬಡಿದೆ. “ಕಾಕು, ಚ್ಯಾಷ್ಟಿ ಮಾಡಿದ್ನಿ. ಹುಡುಗ್ಯಾರಿಗಿ ಪಾಠ ಹೇಳಿದ್ದ ಅದು. ನಿಂಬಿಹಣ್ಣ ಅಂದ್ರ ಮೂತ್ರಪಿಂಡ ರೀ!” ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಒಳಗಿನಿಂದ “ಆತ್ ಬಿಡ್ರಿ ಅಕ್ಕೋರ” ಎಂದಷ್ಟೇ ಬಂತು. ಅಳುತ್ತ ಅಂಗಳ ಗುಡಿಸಿದೆ. ನಿಂಬೆಹಣ್ಣುಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಮರುದಿನದಿಂದ ಸಂಜೆಗೆ ಯಾರೂ ಬರಲಿಲ್ಲ. ಅವರ ರಟ್ಟೆಗೆ ಒಂದು ತಾಯಿತ ಬಂತು. ಯಾರೋ ದೇವರ ಹೇಳಿಕೆ ಹೇಳುವವರ ಹತ್ತಿರ ಹೋಗಿ ಬಂದಿದ್ದರಂತೆ. ಇಷ್ಟು ದಿನ ಕಾಲಿನ ಬಾವಿಗೆ ರೊಟ್ಟಿಯ ಒಲೆ ಕಾರಣವಾಗಿತ್ತು, ಈಗ ನಾನಾದೆ. ದವಾಖಾನೆಯ ಮಾತು ಎತ್ತುವ ಬಾಯಿಯೇ ನನಗೆ ಉಳಿಯಲಿಲ್ಲ. ಎತ್ತಿದರೆ ಅದೂ ಮಂತ್ರವೇ. ಎದುರಾದರೆ ಬಗ್ಗಿದ ಕಣ್ಣು, ಹೌದ್ರಿ, ಇಲ್ರಿ. ಆ ರೀ ಕೇಳಿದಾಗಲೆಲ್ಲ ಕಪಾಳಕ್ಕೆ ಹೊಡೆದಂತಾಗುತ್ತಿತ್ತು. ಬೆಳಗಿನ ರೊಟ್ಟಿಯ ಸದ್ದು ದಿನದಿನಕ್ಕೆ ಕುಗ್ಗಿತು. ಹಾಸಿಗೆಯಲ್ಲಿ ಕೂತು ಕೇಳುತ್ತಿದ್ದೆ. ಒಂದು ದಿನ ಕೇಳಿಸಲೇ ಇಲ್ಲ. ನಾನು ಸಾಲೆಯಲ್ಲಿದ್ದಾಗ ತಂಗಿ ಬಂದು ತಾಳಿಕೋಟೆಗೆ ಕರೆದುಕೊಂಡು ಹೋದಳು ಎಂದು ಎದುರುಮನೆಯವರು ಹೇಳಿದರು. ಅವರ ಬಾಗಿಲಿಗೆ ಬೀಗ ಬಿದ್ದಿತ್ತು.

ಅದೇ ವಾರ ಪರೀಕ್ಷೆ ಮುಗಿಸಿ ಕುರಿಗಾರರ ಹುಡುಗಿ ಮನೆಗೆ ಬಂದಳು. “ಮೇಡಮ್ರಿ, ಈ ಸಲ ತಲಿ ಮ್ಯಾಲ ಬರದೇನಿ!” ಮುಖವೆಲ್ಲ ನಗೆ. ಮುಂದೆ ಪಾಸೂ ಆದಳು. ಅವತ್ತು ಅವಳಿಗೆ ಚಹಾ ಕೊಟ್ಟೆ. ಮುಲಾಮಿನ ಡಬ್ಬಿ ಕಿಟಕಿಯಲ್ಲೇ ಇತ್ತು. ಒಂದಿಷ್ಟು ಬೆನ್ನಿಗೆ ಹಚ್ಚವ್ವಾ ಎಂದು ಬಾಯಿಗೆ ಬಂತು. ಕೇಳಲಿಲ್ಲ. ಮೇಡಮ್ಮಿಗೆ ಯಾರೂ ಇಲ್ಲ ಎಂದು ಅವಳಿಗೆ ಗೊತ್ತಾಗುವುದು ಬೇಡವಾಗಿತ್ತು.

ಮೂರು ವಾರ ತಡೆದು ತಾಳಿಕೋಟೆಯ ಬಸ್ಸು ಹತ್ತಿದೆ. ಏನು ಒಯ್ಯುವುದು? ಮನೆಯಲ್ಲಿದ್ದದ್ದು ನಿಂಬೆಹಣ್ಣು. ಬರಿಗೈಯಲ್ಲಿ ಹೋದೆ. ಬಾಗಿಲಲ್ಲಿ ತಂಗಿ ಚೌಕಟ್ಟಿಗೆ ಕೈ ಅಡ್ಡ ಇಟ್ಟು ನಿಂತಳು.

“ನೀವೇನ ಆ ಅಕ್ಕೋರು?”

ಹೌದು ಎಂದೆ. ಅವಳು ಕೈ ತೆಗೆಯಲಿಲ್ಲ. ಒಳಗಿನಿಂದ ಸಣ್ಣ ದನಿ ಬಂತು. “ಬರಲಿ ಬಿಡ.”

ಮಂಚದ ಮೇಲೆ ಕಾಕು ಕೂತಿದ್ದರು. ಬೆನ್ನ ಹಿಂದೆ ನಾಲ್ಕು ದಿಂಬು. ಮಲಗಿದರೆ ಉಸಿರಾಡಲಾಗದವರಿಗೆ ಹಾಗೆ ದಿಂಬು ಒಟ್ಟುತ್ತಾರೆ. ದಿಂಬು ಹೆಚ್ಚಿದಷ್ಟೂ ಹೃದಯ ಸೋತಿದೆ ಎಂದು ನಾನೇ ಪಾಠ ಹೇಳುತ್ತೇನೆ. ಎಣಿಸುವುದು ಬೇಡವೆಂದರೂ ಎಣಿಸಿದೆ. ಕೊನೆಗೂ ತಂಗಿ ದವಾಖಾನೆಗೆ ಒಯ್ದಿದ್ದಳಂತೆ. ತಡ ಮಾಡಿದಿರಿ, ಹೃದಯ ಹಿಗ್ಗಿದೆ ಎಂದು ಡಾಕ್ಟರು ಅಂದಿದ್ದರಂತೆ. ಮಂಚದ ಪಕ್ಕ ನೆಲದ ಮೇಲೆ ಕೂತು ಅವರ ಕೈ ಹಿಡಿದೆ. ರಟ್ಟೆಯಲ್ಲಿ ತಾಯಿತ ಸಡಿಲವಾಗಿ ಜಾರುತ್ತಿತ್ತು.

“ಕಾಕು, ಸಿಟ್ಟಿಲೆ ಅಂದ್ನಿರಿ. ನಿಮ್ಮ ಮ್ಯಾಲ ನಾ ಯಾಕ ಮಾಡ್ಲಿ? ನನಗ ಮತ್ತ್ಯಾರ ಅದಾರ?”

ಕಾಕು “ಅಂಜಿದ್ನಿ” ಎಂದರು. ಉಸಿರು ತೆಗೆದುಕೊಂಡು ಮತ್ತೆ ಹೇಳಿದರು. “ನಿನ್ನ ಮಾತಿಗಿ ಅಂಜಿ ದವಾಖಾನಿಗಿ ಹೋಗಲಿಲ್ಲ. ಖರೇ ಹೇಳಬೇಕಂದ್ರ, ನೀ ಅನ್ನಲಿಲ್ಲಂದ್ರೂ ಹೋಗ್ತಿರಲಿಲ್ಲ. ಎದಿ ಅಂದ್ರ ಮೊದಲಿಂದಾನೂ ಅಂಜಿಕಿ ನನಗ.”

ಅದು ಕ್ಷಮೆಯೋ, ನನ್ನನ್ನು ಸಮಾಧಾನ ಮಾಡಲು ಹೇಳಿದ್ದೋ, ತಿಳಿಯಲಿಲ್ಲ. ಇವತ್ತಿಗೂ ತಿಳಿದಿಲ್ಲ. ಅದೇ ಕೊನೆಯ ಭೇಟಿ ಎಂದು ಆಗ ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಅವರ ಉಗುರಿನ ಬಣ್ಣ ನೋಡಿದರೆ ನನ್ನ ಮೊದಲ ವರ್ಷದ ಹುಡುಗಿಗೂ ಗೊತ್ತಾಗುತ್ತಿತ್ತು.

ಏಳಬೇಕೆಂದಾಗ ಬೆನ್ನಿನ ಆ ಜಾಗ ಹಿಡಿದುಕೊಂಡು “ಅವ್ವಾ” ಎಂದೆ. ಅವರು ಕೇಳಿಸಿಕೊಂಡರು.

“ಬೆನ್ನಿಗಿ ಯಾರ ಹಚ್ಚತಾರ ಈಗ?”

ಯಾರೂ ಇಲ್ಲ ಎಂದು ತಲೆ ಅಲ್ಲಾಡಿಸಿದೆ.

“ತಿರಗ ಅತ್ಲಾಗ” ಎಂದರು.

ಮುಲಾಮು ಇರಲಿಲ್ಲ. ಮಂಚದ ಅಂಚಿನ ಮೇಲೆ ಅವರ ಕಡೆ ಬೆನ್ನು ಮಾಡಿ ಕೂತೆ. ಸೀರೆ ಸರಿದಾಡಿದ ಸದ್ದು, ಆಮೇಲೆ ಒಂದು ದೊಡ್ಡ ಉಸಿರು. ಕೈ ಎತ್ತಲು ನೋಡುತ್ತಿದ್ದಾರೆ ಎಂದು ತಿಳಿಯಿತು. ತೋಳಿನಲ್ಲಿ ತ್ರಾಣವಿರಲಿಲ್ಲ. ಅಂಗೈ ಬಂದು ನನ್ನ ಸೊಂಟದ ಮೇಲೆ ಕೂತಿತು. ಹಗುರವಾಗಿತ್ತು, ತಣ್ಣಗಿತ್ತು. ಅಲ್ಲೇ ಒಂದೆರಡು ಸಲ ಆಡಿತು. ನನ್ನ ಸ್ವಂತ ಕೈಗೂ ಸುಲಭವಾಗಿ ಎಟುಕುವ ಜಾಗ ಅದು.

“ಸಿಕ್ತೇನ ಯವ್ವಾ?”

“ಸಿಕ್ತ್ರಿ ಕಾಕು,” ಎಂದೆ. “ಅಲ್ಲೇ ಐತಿ.”